ಇನ್‌ಡಿಸೈನ್‌ನ ಎಕ್ಸ್‌ಎಂಎಲ್ ಆಮದು: ಸಿಎಂಎಸ್‌ನಿಂದ ಮುದ್ರಣ ಪುಟಕ್ಕೆ

ಸಿಎಂಎಸ್‌ನ (ಜಾಲತಾಣದ ಬರಹ, ಚಿತ್ರಗಳನ್ನು ನಿರ್ವಹಿಸುವ ತಂತ್ರಾಂಶ) ಬರಹವನ್ನು ಕಾಪಿ-ಪೇಸ್ಟ್ ಮಾಡದೆ ಪುಟಕ್ಕಿಳಿಸಲು, ಪುಟವಿನ್ಯಾಸದ ತಂತ್ರಾಂಶ ಅಡೋಬಿ ಇನ್‌ಡಿಸೈನ್‌ನೊಳಗೇ ಇರುವ ಎಕ್ಸ್‌ಎಂಎಲ್ (ಪಠ್ಯದ ಭಾಗಗಳನ್ನು ಟ್ಯಾಗ್ ಎಂಬ ಗುರುತುಗಳಿಂದ ಸೂಚಿಸುವ ಕಡತ ರೂಪ) ಆಮದು ಬಹಳಷ್ಟು ಕೆಲಸಕ್ಕೆ ಸಾಕು. ‘ಮ್ಯಾಪ್ ಟ್ಯಾಗ್ಸ್ ಟು ಸ್ಟೈಲ್ಸ್’ ತೆರೆದು ‘ಮ್ಯಾಪ್ ಬೈ ನೇಮ್’ ಒತ್ತಿದರೆ ಒಂದೇ ಹೆಸರಿನ ಟ್ಯಾಗೂ ಸ್ಟೈಲೂ (ಅಕ್ಷರ, ಪ್ಯಾರಾಗಳ ರೂಪದ ಸಿದ್ಧ ಹೊಂದಿಕೆ) ಜೋಡಿಯಾಗುತ್ತವೆ. ದೊಡ್ಡಕ್ಷರ, ಚಿಕ್ಕಕ್ಷರ ಬದಲಾದರೂ ಹೊಂದುವುದಿಲ್ಲ.

ನಿಜವಾದ ತಲೆನೋವು ಖಾಲಿ ಜಾಗದ್ದು. ಕಡತ ಓದಲು ಸುಲಭವಾಗಲೆಂದು ಸಿಎಂಎಸ್ ಸೇರಿಸುವ ಸಾಲು ಮುರಿತ, ಇಂಡೆಂಟ್‌ಗಳನ್ನು ಇನ್‌ಡಿಸೈನ್ ಪಠ್ಯವೆಂದೇ ಓದುತ್ತದೆ. ಪುಟದ ತುಂಬ ಖಾಲಿ ಪ್ಯಾರಾಗಳು. ರಫ್ತು ಮಾಡುವಾಗಲೇ ಅವನ್ನು ತೆಗೆದು, ಪ್ಯಾರಾ ಮುಗಿದಲ್ಲಿ ಮಾತ್ರ ಒಂದು ಮುರಿತ ಉಳಿಸಬೇಕು. ವೆಬ್ ಪುಟದಲ್ಲಿ ಸಾಲು ಮುರಿಯದ ಖಾಲಿ ಜಾಗಕ್ಕೆ ಬಳಸುವ ‘ಎನ್‌ಬಿಎಸ್‌ಪಿ’ ಎಂಟಿಟಿ (ಹೆಸರಿನ ಸಂಕೇತ) ಎಕ್ಸ್‌ಎಂಎಲ್‌ಗೆ ಗೊತ್ತಿಲ್ಲ, ಅದಿದ್ದರೆ ಆಮದೇ ನಿಂತುಹೋಗುತ್ತದೆ. ಬದಲಿಗೆ 160ರ ಸಂಖ್ಯಾ ಸಂಕೇತ ಬಳಸಿ.

ಚಿತ್ರದ ದಾರಿಯನ್ನು ‘ಎಚ್‌ರೆಫ್’ ಗುಣದಲ್ಲಿ ಕೊಡಬೇಕು. ಜಾಲತಾಣಕ್ಕೆ ಕುಗ್ಗಿಸಿದ ಪ್ರತಿ ಬೇಡ, ಮೂಲ ಚಿತ್ರವೇ ಇರಲಿ: 1200 ಪಿಕ್ಸೆಲ್ ಅಗಲದ್ದು 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಬರೀ 4 ಇಂಚು.

ಕನ್ನಡ ಪಠ್ಯಕ್ಕೆ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಅನ್ನು ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಹೊಂದಿಸಿ, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ.

ಕ್ಯಾಟಲಾಗ್, ಡೈರೆಕ್ಟರಿಗಳಿಗೆ ಇದು ಸೊಗಸಾದ ವ್ಯವಸ್ಥೆ. ಕೊನೆಗಳಿಗೆಯ ತಿದ್ದುಪಡಿ ಪುಟದಲ್ಲೇ ನಡೆಯುವ ಕಡೆ ಸಾಲದು, ಏಕೆಂದರೆ ಆ ತಿದ್ದುಪಡಿ ತಾನಾಗಿ ಸಿಎಂಎಸ್‌ಗೆ ಮರಳುವುದಿಲ್ಲ.