ಬ್ಯಾಟರಿ ವಾಷರ್ರಾ, ವೈರ್ ಇರೋದಾ?

ಬೈಕು, ಕಾರು ತೊಳೆಯೋಕೆ ಪ್ರೆಶರ್ ವಾಷರ್ (ನೀರನ್ನು ಜೋರಾಗಿ ಚಿಮ್ಮಿಸುವ ಯಂತ್ರ) ಬ್ಯಾಟರಿಯದು ತಗೊಳ್ಳಲಾ, ವೈರ್ ಇರೋದಾ ಅಂತ ಕೇಳಿದ್ರಲ್ಲ, ಮೊದಲು ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್, ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬ್ಯಾಟರಿಯದೇ ಸರಿ: ಬಕೆಟ್‌ಗೆ ಪೈಪ್ ಇಳಿಬಿಟ್ಟರೆ ಸಾಕು. ಒತ್ತಡ ಮಾತ್ರ ಕಡಿಮೆ, ಸಾಮಾನ್ಯವಾಗಿ 20–40 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಧೂಳು, ಹಸಿ ಕೆಸರು ಹೋಗುತ್ತದೆ. ಅಂಗಳದ ಹಳೇ ಪಾಚಿಗೆ 100 ಬಾರ್ ದಾಟುವ ವೈರಿನದೇ ಬೇಕು. ಆದರೆ ಅದನ್ನು ಬೈಕಿನ ಚೈನ್, ಬೇರಿಂಗ್ ಹತ್ತಿರ ಹಿಡಿದರೆ ಗ್ರೀಸೂ ಕಿತ್ತುಹೋಗುತ್ತದೆ, ಹುಷಾರು.

ಬಾಳಿಕೆಯಲ್ಲಿ ಮೊದಲು ಸೋಲುವುದು ಬ್ಯಾಟರಿ. ಅದು ಬಿಡಿಯಾಗಿ ಸಿಗುತ್ತಾ ಅಂತ ಕೊಳ್ಳುವಾಗಲೇ ಕೇಳಿ. ತಿಂಗಳುಗಟ್ಟಲೆ ಮುಟ್ಟದವರಿಗೆ ವೈರಿನದೇ ವಾಸಿ.

ಆರೈಕೆ ಎರಡಕ್ಕೂ ಒಂದೇ: ನೀರಿಲ್ಲದೆ ಓಡಿಸಬೇಡಿ, ಫಿಲ್ಟರ್ ತೊಳೆಯಿರಿ, ಆಫ್ ಮಾಡಿದ ಮೇಲೆ ಟ್ರಿಗರ್ ಒತ್ತಿ ಒತ್ತಡ ಬಿಡಿ. ಬೋರ್‌ವೆಲ್ ನೀರಾದರೆ ನಾಝಲ್ ತೂತಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ.