ಬಿಲ್ಲಿನ ಐದನೇ ಸಾಲು: ಕಲಬುರಗಿಯ ಒಂದು ಐವಿಎಫ್ ಕೇಂದ್ರದ ಬಗ್ಗೆ

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಅದು ಖರೇ ಇದೆ. ನನಗೆ 41 ವರ್ಷ, ಮದುವೆಯಾಗಿ 14. ಸೊಲ್ಲಾಪುರದಲ್ಲಿ ಎರಡು ಸಲ, ಹೈದರಾಬಾದಿನಲ್ಲಿ ಒಂದು ಸಲ ಐವಿಎಫ್, ಅಂದರೆ ಪ್ರಣಾಳ ಶಿಶು ಚಿಕಿತ್ಸೆ, ಮಾಡಿಸಿ ಬರಿಗೈಯಲ್ಲಿ ರೈಲು ಹತ್ತಿ ಬಂದವಳು ನಾನು. ಈ ಸಲ ನಮ್ಮೂರಲ್ಲೇ, ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ ದೂರದ ಕೇಂದ್ರವೊಂದರಲ್ಲಿ ಚಿಕಿತ್ಸೆ ತೆಗೆದುಕೊಂಡೆ. ಈಗ ಆರು ತಿಂಗಳ ಬಸುರಿ. ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ, ಕೂಲರ್ ಮುಂದೆ ಕೂತು ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಬರೆಯುವುದಿಲ್ಲ. ನನ್ನ ಸ್ಕ್ಯಾನಿಂಗ್ ಇನ್ನೂ ಅಲ್ಲೇ ನಡೆದಿದೆ, ಮತ್ತು ನಾನು ಹೇಳಬೇಕಾದ್ದು ಆ ಒಂದು ಕಟ್ಟಡದ ಮಾತಲ್ಲ.

ಸೂಜಿ ಹಾಕುವ ಸಿಸ್ಟರ್ ಕೈ ಭಾಳ ಹಗುರ. ಟೋಕನ್ ಪ್ರಕಾರ ಕರೆಯುತ್ತಾರೆ, ಗುರುತಿನವರೆಂದು ಯಾರನ್ನೂ ನಡುವೆ ನುಗ್ಗಿಸುವುದಿಲ್ಲ. ಬಾತ್‌ರೂಮ್ ಸ್ವಚ್ಛ. ಲ್ಯಾಬಿನ ಹುಡುಗ ಭ್ರೂಣದ ಫೋಟೋ ತೋರಿಸಿ ಯಾವುದು ಮೂರನೇ ದಿನದ್ದು, ಯಾವುದು ಐದನೇ ದಿನದ್ದು ಎಂದು ನಮ್ಮ ಭಾಷೆಯಲ್ಲೇ ತಿಳಿಸಿ ಹೇಳಿದ. ಹಿಂದಿನ ಮೂರು ಸೋಲಿನ ಫೈಲು ನೋಡಿಯೂ ಯಾರೂ ನನ್ನ ವಯಸ್ಸು ಎತ್ತಿ ಆಡಲಿಲ್ಲ. ಡಾಕ್ಟರಮ್ಮ ಎಎಂಎಚ್ ರಿಪೋರ್ಟ್ (ಅಂಡಾಣು ಎಷ್ಟು ಉಳಿದಿರಬಹುದು ಎಂದು ಅಂದಾಜು ಕೊಡುವ ರಕ್ತ ಪರೀಕ್ಷೆ) ಕೈಗೆ ಕೊಟ್ಟು, "ನಿಮ್ಮ ಅಂಡಾಣು ಈಗ ಸಾಲೂದಿಲ್ರಿ. ಮತ್ತೊಮ್ಮೆ ನಿಮ್ಮವೇ ತೆಗೀತೀನಿ ಅಂತ ರೊಕ್ಕ ತಗೊಳ್ಳೋದು ನನಗ ಸರಿ ಅನಸೂದಿಲ್ಲ" ಎಂದರು. ಹಾಗೆ ಮುಖ ನೋಡಿ ಹೇಳಿದ ಮೊದಲ ಡಾಕ್ಟರ್ ಅವರು. ದಾನಿಯ ಅಂಡಾಣು ತೆಗೆದುಕೊಳ್ಳಲು ನಾವು ಒಪ್ಪಿದ್ದು ಆ ಮಾತಿನ ಮೇಲೆ.

ಇಷ್ಟಕ್ಕೆ ನಿಲ್ಲಿಸಿದರೆ ಐದು ಸ್ಟಾರ್.

ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಯಾವ ಬಿಲ್ಲು ಬಂದರೂ ಬೆರಳಿಟ್ಟು ಸಾಲು ಸಾಲಾಗಿ ಓದುವುದು ಅವರ ರೂಢಿ. ಈ ಕೇಂದ್ರದ ಬಿಲ್ಲಿನಲ್ಲಿ ಗ್ಲೌಸ್, ಹತ್ತಿ, ಸಿರಿಂಜು ಎಲ್ಲಕ್ಕೂ ಬೇರೆ ಬೇರೆ ಸಾಲು ಇತ್ತು, ರೂಪಾಯಿ ಬಿಡದೆ. ಐದನೇ ಸಾಲು ಮಾತ್ರ ಹೀಗೆ: ಡೋನರ್ ಪ್ಯಾಕೇಜ್, 1,60,000. ಅವರ ಬೆರಳು ಅಲ್ಲೇ ನಿಂತಿತು. "ಗಂಜ್ ಮಾರ್ಕೆಟಿನಾಗ ಹತ್ತು ಚೀಲ ತೊಗರಿ ಮಾರಿದ ರೈತಗೂ ಅಡತಿ ಅಂಗಡಿಯವ್ರು ಪಟ್ಟಿ ಬರದ ಕೊಡ್ತಾರ. ತೂಕ ಎಷ್ಟು, ಹಮಾಲಿ ಎಷ್ಟು, ಕೈಗೆ ಬಂದದ್ದೆಷ್ಟು ಅಂತ. ಇದರಾಗ ಆ ಹುಡುಗಿ ಕೈಗೆ ಎಷ್ಟು ಹೋಯ್ತು?" ಕೌಂಟರಿನಲ್ಲಿ ಕೇಳಿದರೆ, "ಅದು ಬ್ಯಾಂಕಿನವ್ರದ್ದು ಸರ್, ನಮಗ ಸಂಬಂಧ ಇಲ್ಲ" ಅಂದರು. ಇಲ್ಲಿ ಬ್ಯಾಂಕ್ ಎಂದರೆ ದಾನಿಗಳನ್ನು ಹುಡುಕಿ, ತಪಾಸಣೆ ಮಾಡಿಸಿ, ದವಾಖಾನೆಗೆ ಒದಗಿಸುವ ನೋಂದಾಯಿತ ಸಂಸ್ಥೆ. ಕಾನೂನಿನ ಪ್ರಕಾರ ಆ ಕೆಲಸ ಅವರದೇ. ಆದರೆ ರೊಕ್ಕ ಎಣಿಸಿಕೊಂಡದ್ದು ಇದೇ ಕೌಂಟರು.

ನವೆಂಬರಿನಲ್ಲಿ ಅಂಡಾಣು ತೆಗೆಯುವ ದಿನ ಮನೆಯವರ ಸ್ಯಾಂಪಲ್ ಬೇಕಿತ್ತು, ನಾನೂ ಜೊತೆಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಕಾಯುವ ಹೊತ್ತು ಹಾಳು ಯಾಕೆಂದು ಹತ್ತನೇ ತರಗತಿಯ ಟೆಸ್ಟ್ ಪೇಪರು ತಿದ್ದುತ್ತಾ ಕೂತಿದ್ದೆ. ಹಸಿರು ಗೌನಿನ ಮೇಲೆ ಓಢಣಿ ಸುತ್ತಿಕೊಂಡ ಹುಡುಗಿಯೊಬ್ಬಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೂರುವಾಗ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಪೇಪರು ನೋಡಿ, "ಟೀಚರ್ ಇದ್ದೀರೇನ್ರಿ? ನಾನೂ ಬಿ.ಎಡ್ ಮಾಡ್ಲತ್ತೀನ್ರಿ" ಎಂದಳು. ಆಮೇಲೆ, "ಅಕ್ಕಾರ, ಬಾಯಿ ಭಾಳ ಒಣಗ್ಯಾದ. ನಿಮ್ಮ ಬಾಟ್ಲಿದು ಒಂದ್ ಗುಟುಕು ಕುಡೀಲೇನ್ರಿ?" ಅರಿವಳಿಕೆಗೆ ಮುಂಚೆ ನೀರು ಕುಡಿಯಬಾರದು, ಅದು ನನಗೆ ಗೊತ್ತು, ಮೂರು ಸಲ ಆ ಟೇಬಲ್ ಮೇಲೆ ಮಲಗಿದ್ದೇನೆ. ಯಾಕೆ ಕುಡಿಯಬಾರದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. "ಹೌದೇನ್ರಿ" ಎಂದು ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಸಂಜಿ ಐದರ ಶಹಾಪುರ ಬಸ್ಸು ಸಿಗ್ತದಲ್ರಿ? ಶುಕ್ರವಾರ ಫೀ ತುಂಬೂದು ಕಡೀ ದಿನ ಅದ."

ಅಷ್ಟರಲ್ಲಿ ಜೊತೆಗೆ ಬಂದಿದ್ದ ಹೆಂಗಸು ಫೋನ್ ಕಿಸೆಗಿಟ್ಟು ಎದ್ದು ಬಂದು, "ಅಕಿಗಿ ಮಾತಾಡಸಬ್ಯಾಡ್ರಿ ಮೇಡಂ, ಗಾಬರಿ ಆಗ್ತಾಳ" ಎಂದು ಎಬ್ಬಿಸಿಕೊಂಡು ಹೋದಳು. ಗಾಬರಿಯ ಮಾತೇನೂ ನಾನು ಆಡಿರಲಿಲ್ಲ.

ನಮ್ಮ ದಾನಿಯ ಬಗ್ಗೆ ಕೇಂದ್ರದವರು ನಮಗೆ ಹೇಳಿದ್ದು ವಯಸ್ಸು 24, ರಕ್ತ ಬಿ ಪಾಸಿಟಿವ್, ಎತ್ತರ, ಬಣ್ಣ, ಓದು ಡಿಗ್ರಿ. ಅವಳೇ ಇವಳು ಎನ್ನಲು ನನ್ನ ಹತ್ತಿರ ಪುರಾವೆ ಇಲ್ಲ, ಹುಡುಕಿಕೊಂಡು ಹೋಗುವ ಹಕ್ಕೂ ಇಲ್ಲ. ಆದರೆ ಅವಳಲ್ಲದಿದ್ದರೆ ಅವಳಂಥ ಇನ್ನೊಬ್ಬಳು. ಹತ್ತು ಹನ್ನೆರಡು ದಿನ ಹೊಟ್ಟೆಗೆ ದಿನಾ ಹಾರ್ಮೋನ್ ಸೂಜಿ, ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್, ಕಡೆಯ ಸೂಜಿ ಹಾಕಿ ಸುಮಾರು 36 ತಾಸಿಗೆ ಅರಿವಳಿಕೆ ಕೊಟ್ಟು ಕೆಳಗಿನಿಂದ ಸೂಜಿ ತೂರಿಸಿ ಅಂಡಾಶಯದಿಂದ ಅಂಡಾಣು ಹೀರುವುದು. ಇದನ್ನು ನನ್ನ ಕೂಸಿಗಾಗಿ ನಾನು ಅನುಭವಿಸಿದಾಗ ಮನೆಯಲ್ಲಿ ಮೂರು ದಿನ ಅತ್ತೆ ರೊಟ್ಟಿ ಬಡಿಯಲು ಬಿಟ್ಟಿರಲಿಲ್ಲ. ಆ ಹುಡುಗಿ ಅದೇ ಸಂಜೆ ಬಸ್ಸು ಹಿಡಿಯುವವಳಿದ್ದಳು.

ಸಂಜೆ ಕೇಂದ್ರದಿಂದ ಫೋನ್ ಬಂತು. "ಹದಿನಾಲ್ಕು ಬಂದಾವ ಮೇಡಂ, ಛಲೋ ಬಂದಾವ!" ಸಂತೋಷಕ್ಕೆ ನನಗೆ ಮಾತೇ ಹೊರಡಲಿಲ್ಲ. ಮನೆಯವರು ಮಾಲ್ಪುರಿ ತಂದರು, ದೇವರ ಮುಂದೆ ಇಟ್ಟು ತಿಂದೆವು.

ಮೂರು ದಿನದ ಮೇಲೆ, ನಾವು ಸಹಿ ಹಾಕಿದ ಕಾಗದಗಳಲ್ಲಿ ಹೆಸರಿದ್ದ ಕಾಯ್ದೆಯನ್ನು ತೆಗೆದು ಓದಿದೆ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ, 2021. ಜಾರಿಗೆ ಬಂದದ್ದು 2022ರ ಜನವರಿ 25ಕ್ಕೆ. ಸಹಿ ಹಾಕುವ ಮೊದಲು ಓದಬೇಕಿತ್ತು. ಅಂಡಾಣು ಕೊಡುವವಳ ವಯಸ್ಸು 23ರಿಂದ 35ರೊಳಗಿರಬೇಕು. ಜೀವನದಲ್ಲಿ ಒಂದೇ ಸಲ ಕೊಡಬೇಕು. ಒಬ್ಬಳಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಬಾರದು. ಅಂಡಾಣು ಮಾರುವುದು, ಕೊಳ್ಳುವುದು ಅಪರಾಧ. ದಾನಿಗೆ 12 ತಿಂಗಳ ವಿಮೆ ಮಾಡಿಸುವುದು ಮಗು ಪಡೆಯುವ ದಂಪತಿಯ ಹೊಣೆ, ಅಂದರೆ ನಮ್ಮದು. ಹದಿನಾಲ್ಕು ಎಂದು ಸಿಹಿ ತಿಂದ ಬಾಯಿಗೆ ಏಳು ಎನ್ನುವ ಅಂಕಿ ಬಡಿಯಿತು.

ಡಾಕ್ಟರಮ್ಮನಿಗೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಸೂಜಿ ಹಾಕಿದ ಮ್ಯಾಲ ಎಷ್ಟು ಬೆಳೀತಾವ ಅಂತ ಪೂರಾ ನಮ್ಮ ಕೈಯಾಗ ಇಲ್ರಿ. ಏಳಕ್ಕ ನಿಲ್ಲಿಸಿ ಉಳಿದವು ಒಳಗ ಬಿಟ್ರ ಅಕಿಗೇ ತ್ರಾಸು" ಎಂದರು. ಕಡೆಯ ಸೂಜಿಯನ್ನು ಅಂಡಾಶಯ ಅತಿಯಾಗಿ ಉಬ್ಬದಂಥ ಬಗೆಯದೇ ಕೊಟ್ಟಿದ್ದೇವೆ ಎಂದೂ ಹೇಳಿದರು. ಅದು ಒಳ್ಳೆಯ ಕ್ರಮ, ಒಪ್ಪುತ್ತೇನೆ. ಹರೆಯದ ಹುಡುಗಿಯರಲ್ಲಿ ಈ ಉಬ್ಬುವ ತೊಂದರೆ ಬೇಗ ಬರುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಉಸಿರಾಟಕ್ಕೆ ಕಷ್ಟವಾಗುತ್ತದೆ, ಕೈಮೀರಿದರೆ ಜೀವಕ್ಕೂ ಅಪಾಯ. ಆದರೆ ಎಷ್ಟು ಬೆಳೆಯುತ್ತವೆ ಎನ್ನುವುದಕ್ಕೆ ಔಷಧದ ಪ್ರಮಾಣವೂ ಕಾರಣ ಅಲ್ಲವೇ? ಕಡಿಮೆ ಕೊಟ್ಟರೆ ಕಡಿಮೆ ಬೆಳೆಯುತ್ತವೆ. ಆ ಪ್ರಮಾಣ ಬರೆಯುವಾಗ ಯಾರ ಮುಖ ಕಣ್ಣ ಮುಂದಿತ್ತು? ಇಬ್ಬರು ಪೇಷಂಟು, ಒಬ್ಬರೇ ಡಾಕ್ಟರು, ಇಬ್ಬರ ಬಿಲ್ಲೂ ಕಟ್ಟುವವಳು ನಾನು. ಎಷ್ಟು ಬಂದವು ಎಂದು ಮೊದಲು ಕೇಳಿದವಳೂ ನಾನೇ. ಆ ಹುಡುಗಿ ಹೇಗಿದ್ದಾಳೆ ಎಂದು ಆ ಫೋನಿನಲ್ಲಿ ನಾನು ಕೇಳಲಿಲ್ಲ. ಆ ಸಂಜೆಯ ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮನೆಯಲ್ಲಿ ಎರಡು ಥರದ ಮಾತು. ವೈನಿ ಅನ್ನುತ್ತಾರೆ, "ರೊಕ್ಕ ಕೊಟ್ಟೀರಿ, ಅಕಿ ಖುಷಿಲೇ ತಗೊಂಡಾಳ, ನೀ ಯಾಕ ಜೀವ ತಿನ್ಕೋತಿ?" ಅವ್ವ ಅನ್ನುತ್ತಾಳೆ, "ರೊಕ್ಕ ತಗೊಂಡ್ರ ಅದು ದಾನ ಹ್ಯಾಂಗಾಗ್ತದವಾ?" ನನಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಶರಣಬಸವೇಶ್ವರರ ದಾಸೋಹ ನೋಡಿ ಬೆಳೆದ ಊರು ಇದು. ಉಣ್ಣಿಸುವವರು ಉಂಡವರಿಂದ ಏನೂ ಬಯಸದಿದ್ದರೆ ಅದಕ್ಕೆ ದಾಸೋಹ ಅನ್ನುತ್ತೇವೆ. ಇಲ್ಲಿ ಡಾಕ್ಟರಿಗೆ ಫೀ, ಅರಿವಳಿಕೆಯವರಿಗೆ ಫೀ, ಬ್ಯಾಂಕಿಗೆ ಚಾರ್ಜು, ಕರೆತಂದ ಹೆಂಗಸೂ ಬರಿಗೈಯಲ್ಲಿ ಹೋಗಿರಲಿಕ್ಕಿಲ್ಲ. ಸೂಜಿ ಚುಚ್ಚಿಸಿಕೊಂಡವಳ ಪಾಲಿಗೆ ಮಾತ್ರ 'ದಾನ' ಅನ್ನುವ ದೊಡ್ಡ ಹೆಸರು. ಆ ಹೆಸರಿನ ಮರೆಯಲ್ಲಿ ಅವಳ ಕೈಗೆ ಬಂದದ್ದೆಷ್ಟು ಎನ್ನುವುದೂ ಮುಚ್ಚಿಹೋಗುತ್ತದೆ.

ಅವಳ ಹದಿನೈದು ದಿನಕ್ಕೆ, ಓಡಾಟಕ್ಕೆ, ನೋವಿಗೆ, ಆಮೇಲಿನ ವಿಶ್ರಾಂತಿಗೆ ಖರ್ಚು ತುಂಬಿಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಕೊಡದಿದ್ದರೇ ತಪ್ಪು. ನನಗೆ ನೋಯುವುದು ಆ ಶುಕ್ರವಾರ. ಶುಕ್ರವಾರ ಫೀ ತುಂಬಬೇಕಾದವಳಿಗೆ ಬುಧವಾರ ಒಂದು ಕಾಗದ ಮುಂದಿಟ್ಟು, ಒಪ್ಪಿಗೆ ಇದೆಯೇ ಎಂದು ಕೇಳಿದರೆ ಅವಳು ಇಲ್ಲ ಎನ್ನುವುದು ಹೇಗೆ? ಒಪ್ಪಿಗೆಯ ಫಾರ್ಮು ನನಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ, ಹನ್ನೊಂದು ಪುಟ, ಸಹಿ ಹಾಕುವ ಕಡೆ ಪೆನ್ಸಿಲ್ ಗುರುತು. ದಾನಿಗಳಿಗೆ ಕನ್ನಡದ್ದು ಇದೆಯೇ ಎಂದಾಗ, "ಎಲ್ಲಾರಿಗೂ ಒಂದೇ ಫಾರ್ಮ್ ಮೇಡಂ" ಎಂದರು. ನೀರು ಯಾಕೆ ಕುಡಿಯಬಾರದು ಎಂದು ಗೊತ್ತಿರದವಳು ಆ ಹನ್ನೊಂದು ಪುಟ ಓದಿ ಸಹಿ ಮಾಡಿದಳು ಎಂದು ನಾನು ನಂಬಲಾರೆ.

ಒಂದೇ ಸಲ ಎನ್ನುವ ನಿಯಮ ಕಾಯುವುದು ಆಧಾರ್ ಸಂಖ್ಯೆಯ ಮೇಲೆ. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ 16ರ ಹುಡುಗಿಯೊಬ್ಬಳಿಂದ, ವಯಸ್ಸು ಸುಳ್ಳು ಬರೆದ ಆಧಾರ್ ತೋರಿಸಿ, ಮತ್ತೆ ಮತ್ತೆ ಅಂಡಾಣು ತೆಗೆಸಿದ್ದು ಬಯಲಾಯಿತು. ಮನೆಯವರೇ ಸೇರಿ ಮಾಡಿಸಿದ್ದು ಅದು. ಕೌಂಟರಿನಲ್ಲಿ ಯಾರೂ ಆ ಹುಡುಗಿಯ ಮುಖ ನೋಡಿರಲಿಲ್ಲವೇ ಎಂದು ನನಗೆ ಅನಿಸುತ್ತದೆ. ದಿನಾ ಅದೇ ವಯಸ್ಸಿನ ಅರವತ್ತು ಮಕ್ಕಳ ಮುಖ ನೋಡುವವಳು ನಾನು.

ಇಂಥ ಕೇಂದ್ರಕ್ಕೆ ಹೋಗುವ ಅಕ್ಕಂದಿರಿಗೆ, ತಂಗಿಯರಿಗೆ ಹೇಳುವುದು ಇಷ್ಟು. ಹೋಗಬೇಡಿ ಅನ್ನುವುದಿಲ್ಲ, ನಾನೇ ಹೋಗಿದ್ದೇನೆ, ಹೊಟ್ಟೆಯಲ್ಲಿ ಕೂಸು ಒದೆಯುತ್ತಿದೆ. ದುಡ್ಡು ಕಟ್ಟುವ ಮುಂಚೆಯೇ ಬ್ಯಾಂಕಿನ ನೋಂದಣಿ ಪತ್ರ ತೋರಿಸಿ ಅನ್ನಿ. ಪ್ಯಾಕೇಜ್ ಸಾಲನ್ನು ಬಿಡಿಸಿ ಬರೆಸಿ. ಏಳರ ಮಾತು ಮೊದಲ ದಿನವೇ ಎತ್ತಿ, ಸೂಜಿ ಶುರುವಾದ ಮೇಲೆ ಎತ್ತಿದರೆ ಪ್ರಯೋಜನ ಇಲ್ಲ. ಅವಳಿಗೆ ರಾತ್ರಿ ಉಳಿಯಲು ಒಂದು ಹಾಸಿಗೆ, ವಾರದ ಮೇಲೆ ಒಂದು ಸ್ಕ್ಯಾನಿಂಗ್, ಇದರ ಖರ್ಚು ನಾವು ಕೊಡುತ್ತೇವೆ ಎಂದು ಬರೆದುಕೊಡಿ. ನಾವು ಬರೆದುಕೊಡಲಿಲ್ಲ, ಹೊಳೆಯಲೇ ಇಲ್ಲ.

ಇನ್ನು ವಿಮೆ. ನಮ್ಮ ಹೆಸರಿನಲ್ಲಿ ರೊಕ್ಕ ಹಿಡಿದಿದ್ದಾರೆ, ಹಾಗಾದರೆ ಪಾಲಿಸಿ ಎಲ್ಲಿದೆ? ಅವಳ ಹೆಸರು, ಊರು ನನಗೆ ಬೇಡ. ಅವಕ್ಕೆ ಮಸಿ ಹಚ್ಚಿ ಕೊಡಿ, ಶುರುವಾದ ದಿನ, ಮುಗಿಯುವ ದಿನ, ಮೊತ್ತ ಕಂಡರೆ ಸಾಕು ಎಂದೆ. ಮತ್ತೆ ಒಂದು ಪ್ರತಿ ಅವಳ ಕೈ ಸೇರಿದೆಯೇ ಅಂತ ಹೇಳಿ ಎಂದೆ. ಮೊದಲ ಸಲ, ಮ್ಯಾನೇಜರ್ ಇಲ್ಲ. ಎರಡನೇ ಸಲ, ಬ್ಯಾಂಕಿನವರಿಗೆ ಮೇಲ್ ಹಾಕಿದ್ದೇವೆ. ಮೂರನೇ ಸಲ, "ನಿಮಗ ಯಾಕ ಬೇಕ್ರಿ ಮೇಡಂ, ನಿಮ್ಮ ಕೆಲಸ ಆಗ್ಯಾದಲ್ಲ?"

ಅವಳ ವಿಮೆ ಇನ್ನೂ ಐದಾರು ತಿಂಗಳು ಇದೆ. ಇದ್ದರೆ. ಶಹಾಪುರದ ಕಡೆ ಯಾವುದೋ ರೂಮಿನಲ್ಲಿ ಅವಳಿಗೆ ಹೊಟ್ಟೆ ನೋವು ಬಂದರೆ, ಅದರ ಖರ್ಚು ನೋಡುವ ಕಾಗದವೊಂದು ತನ್ನ ಹೆಸರಿನಲ್ಲಿದೆ ಎಂದು ಅವಳಿಗೆ ಗೊತ್ತಿರಬೇಕು.

ನನ್ನ ಚಿಕಿತ್ಸೆಗೆ ಐದು, ದಾನಿಯನ್ನು ನೋಡಿಕೊಂಡ ರೀತಿಗೆ ಒಂದು. ಒಟ್ಟು ಒಂದೇ ಅಂಕಿ ಕೊಡಬೇಕಂತೆ, ಎರಡು ಸ್ಟಾರ್ ಕೊಟ್ಟಿದ್ದೇನೆ. ಪಾಲಿಸಿಯ ಪ್ರತಿ ಕೈಗೆ ಬಂದ ದಿನ ತಿದ್ದುತ್ತೇನೆ. ಸೋಮವಾರ ನನ್ನ ಸ್ಕ್ಯಾನಿಂಗ್ ಇದೆ, ಅವತ್ತು ನಾಲ್ಕನೇ ಸಲ ಕೇಳುತ್ತೇನೆ. ಈ ಸಲ ಮನೆಯವರೂ ರಜೆ ಹಾಕಿ ಬಿಲ್ಲು ಹಿಡಿದುಕೊಂಡು ಬರುತ್ತಿದ್ದಾರೆ.