ವಿಮಾನ ಹತ್ತುವ ಮೊದಲು ಅಮ್ಮನ ಹೊಟ್ಟೆ ತುಂಬಿಸಿದ ಸ್ಯಾಂಡ್‌ವಿಚ್

ಕುಂಬಳೆಯ ನಮ್ಮ ಮನೆಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 50 ಕಿಲೋಮೀಟರ್. ಬೆಳಗಿನ ಮುಂಬೈ ವಿಮಾನ ಅಂದರೆ ನಾಲ್ಕಕ್ಕೇ ಹೊರಡಬೇಕು. ಈ ಸಲ ಅಮ್ಮ ಜೊತೆಗಿದ್ದರು. ಡೊಂಬಿವಲಿಯಲ್ಲಿರುವ ಅಕ್ಕನನ್ನು ನೋಡಲು ಹೊರಟಿದ್ದೆವು. ಅಮ್ಮನಿಗೆ 76 ವರ್ಷ, ಇದು ಅವರ ಮೊದಲ ವಿಮಾನ ಪ್ರಯಾಣ.

ನನಗಿದ್ದ ಚಿಂತೆ ವಿಮಾನದ್ದಲ್ಲ, ತಿಂಡಿಯದ್ದು. ಅಮ್ಮನಿಗೆ ಶುಗರ್ ಇದೆ, ಮಾತ್ರೆಯನ್ನು ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ಮೂರೂವರೆಗೆ ಎದ್ದು ಇಡ್ಲಿ ತಿನ್ನಿ ಅಂದರೆ ಯಾರಿಗೆ ಸೇರುತ್ತದೆ? ಅರ್ಧ ಲೋಟ ಚಾ ಕುಡಿದು ಕಾರು ಹತ್ತಿದರು. ಕಡಿಮೆ ದರದ ವಿಮಾನಗಳಲ್ಲಿ ಟಿಕೆಟಿನ ಜೊತೆ ತಿಂಡಿ ಬರುವುದಿಲ್ಲ. ತಲಪಾಡಿ ದಾಟಿ, ನೇತ್ರಾವತಿ ಸೇತುವೆ ದಾಟಿ, ಕಾವೂರು, ಮರವೂರು ಕಳೆದು ಗುಡ್ಡದ ಮೇಲಿನ ನಿಲ್ದಾಣ ಮುಟ್ಟುವವರೆಗೂ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ಸೆಕ್ಯುರಿಟಿ ಮುಗಿಸಿ ಒಳಗೆ ಬಂದ ಮೇಲೆ ಒಂದು ಸಣ್ಣ ಕೌಂಟರ್ ಕಂಡಿತು. ಗಾಜಿನ ಫ್ರಿಜ್‌ನಲ್ಲಿ ತ್ರಿಕೋನದ ಡಬ್ಬಿಗಳಲ್ಲಿ ಸ್ಯಾಂಡ್‌ವಿಚ್ ಸಾಲಾಗಿ ಇಟ್ಟಿದ್ದರು. ಅದನ್ನು ನಾನು ಮುಟ್ಟಲಿಲ್ಲ. ಹಿಂದೊಮ್ಮೆ ಬೇರೆ ಊರಿನ ನಿಲ್ದಾಣದಲ್ಲಿ ಅಂಥದ್ದು ತೆಗೆದುಕೊಂಡಿದ್ದೆ. ಟೊಮೆಟೊ, ಸೌತೆಕಾಯಿ ಗಂಟೆಗಟ್ಟಲೆ ಒಳಗೇ ಕೂತರೆ ನೀರು ಬಿಡುತ್ತದೆ, ಬ್ರೆಡ್ ಅದನ್ನೆಲ್ಲ ಹೀರಿಕೊಳ್ಳುತ್ತದೆ. ಎತ್ತಿದರೆ ಕೈಯಲ್ಲೇ ಹರಿದು ಬಂದಿತ್ತು. ಇಲ್ಲಿ ಪಕ್ಕದಲ್ಲೇ ಗ್ರಿಲ್ ಬಿಸಿಯಾಗುತ್ತಿತ್ತು. 'ಹೊಸದಾಗಿ ಮಾಡಿ ಕೊಡ್ತೀರಾ?' ಅಂತ ಕೇಳಿದೆ. ಎಂಟು ನಿಮಿಷ ಆಗುತ್ತದೆ ಅಂದಳು ಹುಡುಗಿ. ನಮ್ಮ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ಸಮಯ ಇತ್ತು.

ಎರಡು ವೆಜ್ ಗ್ರಿಲ್ಡ್ ಸ್ಯಾಂಡ್‌ವಿಚ್ ಹೇಳಿದೆ. ಬ್ರೌನ್ ಬ್ರೆಡ್, ಮಯೋನೀಸ್ ಬೇಡ. ಮೊಟ್ಟೆ ಹಾಕಿದ ಮಯೋನೀಸೂ ಇರುತ್ತದೆ, ಹಾಕದ್ದೂ ಇರುತ್ತದೆ, ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು. ಆ ಹುಡುಗಿ ತಾನಾಗಿಯೇ ಬಾಟಲಿ ತಿರುಗಿಸಿ ಹಸಿರು ಚುಕ್ಕೆ ತೋರಿಸಿದಳು. ಆದರೂ ಬೇಡ ಅಂದೆ, ಬದಲಿಗೆ ಹಸಿರು ಚಟ್ನಿ ಜಾಸ್ತಿ ಹಾಕಿದಳು. ಅಮ್ಮನನ್ನು ನೋಡಿ 'ಓಡೆ ಪೋಪರ್ ಅಮ್ಮಾ?' (ಎಲ್ಲಿಗೆ ಹೋಗ್ತೀರಿ ಅಮ್ಮಾ?) ಅಂತ ತುಳುವಿನಲ್ಲಿ ಮಾತಾಡಿಸಿದಳು. ಅಲ್ಲಿಯವರೆಗೆ ಬ್ಯಾಗನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ ಅಮ್ಮನ ಮುಖ ಆಗ ಸಡಿಲವಾಯಿತು. ಹಲ್ಲಿಗೆ ಕಷ್ಟ ಅಂತ ಅಮ್ಮ ಹೇಳಿದ್ದೇ ತಡ, ಬ್ರೆಡ್ಡಿನ ಅಂಚು ಕತ್ತರಿಸಿ, ನಾಲ್ಕು ತುಂಡು ಮಾಡಿ ಕೊಟ್ಟಳು. ಇದಕ್ಕಾಗಿಯೇ ನಾನು ಆ ಕೌಂಟರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಸ್ಯಾಂಡ್‌ವಿಚ್ ನಿಜಕ್ಕೂ ದಪ್ಪಗಿತ್ತು. ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಈರುಳ್ಳಿ, ದೊಣ್ಣೆಮೆಣಸು, ಮೇಲೆ ಚೀಸ್. ಮುಂಬೈಯ ರಸ್ತೆ ಬದಿಯಲ್ಲಿ ಸಿಗುವ ಸ್ಯಾಂಡ್‌ವಿಚ್ಚಿನ ಕ್ರಮವೇ. ಬ್ರೆಡ್ಡಿನ ಒಳಬದಿಗೆ ಅಂಚಿನವರೆಗೂ ಬೆಣ್ಣೆ ಸವರಿದ್ದರು. ಸುಮ್ನೆ ರುಚಿಗೆ ಅಲ್ಲ ಅದು, ತರಕಾರಿಯ ನೀರು ಬ್ರೆಡ್ಡಿಗೆ ಇಳಿಯದಂತೆ ಬೆಣ್ಣೆಯ ಜಿಡ್ಡು ತಡೆಯುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅಮ್ಮ ಮೂರು ತುಂಡು ತಿಂದು ಮಾತ್ರೆ ತೆಗೆದುಕೊಂಡರು. ನನಗೆ ಅಷ್ಟು ಸಾಕಿತ್ತು.

ಬೆಲೆಯ ಬಗ್ಗೆ ಬೇಸರ ಇದೆ. ಒಂದಕ್ಕೆ 290 ರೂಪಾಯಿ. ಎರಡು ಸ್ಯಾಂಡ್‌ವಿಚ್, ಒಂದು ಚಾ ಸೇರಿ 700 ದಾಟಿತು. ಸ್ಯಾಂಡ್‌ವಿಚ್ಚಿನ ಬೆಲೆಯನ್ನು ಒಪ್ಪುತ್ತೇನೆ, ಹೊಟ್ಟೆ ತುಂಬಿತು. ಚಾದ್ದು ಒಪ್ಪಲಾರೆ. ಚೆನ್ನೈ ನಿಲ್ದಾಣದಲ್ಲಿ 2025ರಲ್ಲಿ ಶುರುವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಾ 10 ರೂಪಾಯಿಗೆ, ಸಮೋಸ 20 ರೂಪಾಯಿಗೆ ಕೊಟ್ಟರು. ಅಲ್ಲಿ ಆಗುವುದಾದರೆ ಎಲ್ಲ ನಿಲ್ದಾಣದಲ್ಲೂ ಆಗಬೇಕು ಅಲ್ವಾ? ಕಾಗದದ ತಟ್ಟೆಯೂ ತೀರಾ ತೆಳುವಾಗಿತ್ತು, ವಯಸ್ಸಾದವರ ತೊಡೆಯ ಮೇಲೆ ನಿಲ್ಲುವಂಥದ್ದಲ್ಲ. ಇಡೀ ಹೊತ್ತು ನಾನೇ ಹಿಡಿದುಕೊಂಡೆ.

ಉಳಿದ ಒಂದು ತುಂಡನ್ನು ಹುಡುಗಿ ಫಾಯಿಲ್‌ನಲ್ಲಿ ಸುತ್ತಿ ಕೊಟ್ಟಳು. ಇಂಥ ಒಣ ತಿಂಡಿಯನ್ನು ವಿಮಾನದೊಳಗೆ ಒಯ್ಯಲು ಅಡ್ಡಿಯಿಲ್ಲ. ಮೇಲೆ ಹೋದ ಮೇಲೆ ಅಮ್ಮ ಅದನ್ನೂ ತಿಂದರು. 'ಕೆಳಗೆ ತಿಂದಾಗ ಇದ್ದ ರುಚಿ ಈಗಿಲ್ಲ' ಅಂದರು. ಆರಿದ್ದು ಒಂದು ಕಾರಣ. ಇನ್ನೊಂದು, ವಿಮಾನದೊಳಗಿನ ಗಾಳಿ ತುಂಬಾ ಒಣ, ಒತ್ತಡವೂ ಕಡಿಮೆ. ಮೂಗಿಗೆ ವಾಸನೆ ಸರಿಯಾಗಿ ಸಿಗುವುದಿಲ್ಲ, ಉಪ್ಪು, ಸಿಹಿ ಎರಡೂ ಸಪ್ಪೆ ಅನಿಸುತ್ತವೆ. ಹಾಗಾಗಿ ನೀವು ಹೋದರೆ ಬಿಸಿ ಇರುವಾಗ ಕೆಳಗೇ ಕೂತು ತಿನ್ನಿ. ಫ್ರಿಜ್‌ನದ್ದು ಬೇಡ, ಗ್ರಿಲ್ಲಿನದ್ದೇ ಕೇಳಿ.

ಅಕ್ಕನ ಮನೆ ಮುಟ್ಟಿ ಕೈಕಾಲು ತೊಳೆದ ಅಮ್ಮ ಮೊದಲು ಹೇಳಿದ್ದು ಸ್ಯಾಂಡ್‌ವಿಚ್ಚಿನ ಸುದ್ದಿ. ಆ ಚಟ್ನಿಗೆ ಒಂದು ಚೂರು ಶುಂಠಿ ಬೇಕಿತ್ತಂತೆ. ಮರುದಿನ ಬೆಳಿಗ್ಗೆ ಶುಂಠಿ ಹಾಕಿ ತಾವೇ ಅರೆದರು.